ಕಣ ಹಿಡಿಯೋಕೆ ಬಂದ ಮೇಡಮ್ಮು

ಅದ್ಕೇ ಹೇಳೋದು, ಆಕಾಶದಿಂದ ಬೀಳೋದು ಮಳೆ ಒಂದೇ ಅಲ್ಲ ಅಂತ. ಈಗ್ಲೂ ಬೀಳ್ತಾನೇ ಅದೆ, ನಿಮ್ಮ ತಲೆ ತೂರ್ಕಂಡು, ಈ ಜಗಲಿ ಕಲ್ಲು ತೂರ್ಕಂಡು ಭೂಮಿಗೆ ಓಯ್ತಾನೇ ಅದೆ. ನಗಬ್ಯಾಡ್ರಲಾ! ಬಿಳಿಗೆರೆ ಸುತ್ತಮುತ್ತ ಅದನ್ನ ಮೊದ್ಲು ಹಿಡಿದೋನು ನಾನು, ಇಸ್ಕೂಲು ಮೆಟ್ಲು ಹತ್ತದೋನು. ಯಂತ್ರಕ್ಕೆ ಗೊತ್ತಾಗೋಕ್ಮುಂಚೆ ನನ್ನ ಬೋಡು ತಲೆ ಚುರ್ ಅಂತಿತ್ತು. "ಬಂತು ನೋಡ್ರವ್ವಾ" ಅಂತಿದ್ದೆ, ಆಮೇಲೆ ಕಂಪ್ಯೂಟ್ರು ಒಪ್ಕತಿತ್ತು.

ಆ ಮೇಡಮ್ಮು ಮೈಸೂರಿನೋರು, ಕಾಲೇಜಲ್ಲಿ ಪಾಠ ಹೇಳೋರು. ಜೀಪಲ್ಲಿ ಬಂದ್ರು, ಜೀಪಲ್ಲ, ವ್ಯಾನು, ಬಿಳೀ ವ್ಯಾನು. ಅರಳಿಕಟ್ಟೆ ಮೇಲೆ ನಾವೆಲ್ಲಾ ಕೂತಿದ್ವಿ. "ಯಜಮಾನ್ರೇ, ನಾವು ಕಣ ಹಿಡಿಯೋಕೆ ಬಂದಿದ್ದೀವಿ, ಎರಡು ವರ್ಷದ ಕೆಲಸ" ಅಂದ್ರು. ನಮಗೆ ಕಣ ಅಂದ್ರೆ ಸುಗ್ಗೀಲಿ ರಾಗಿ ಒಕ್ಕೋ ಕಣ. ಮೈಸೂರಲ್ಲಿ ಬಾಡಿಗೆಗೆ ಮನೆ ಹಿಡಿಯಲ್ವಾ, ಅಂಗೆ ಇವರು ಕಣ ಹಿಡಿಯೋಕೆ ಬಂದವ್ರೆ ಅನ್ಕಂಡೆ. ಮಿಕ್ಕೋರೆಲ್ಲಾ ಪಿಳಿಪಿಳಿ ನೋಡ್ತಾವ್ರೆ, ನಾನು ಬುಡ್ತೀನಾ? "ಕಣ ತಾನೇ? ನಂದದೆ ಬನ್ನಿ, ಸುತ್ತ ಏಳೂರಲ್ಲಿ ಅಂಥ ಕಣ ಇಲ್ಲ" ಅಂದೆ. ನಂದು ಅಂದ್ನಲ್ಲಾ, ಅದು ಸುಳ್ಳು. ನಂದೂ ನಮ್ಮಣ್ಣಂದೂ, ನಿಮ್ಮ ದೊಡ್ಡತಾತಂದು. ನಮ್ಮಪ್ಪನ ಕಾಲದಿಂದ ಸಗಣಿ ಬಳಿದೂ ಬಳಿದೂ ಕನ್ನಡಿ ಅಂಗಿತ್ತು.

ಅಣ್ಣ ಕೇಳ್ದ, "ಲೇ, ಅವರಿಗೆ ಕಣ ಯಾಕ್ಲಾ? ಕಾಲೇಜೋರು ರಾಗಿ ಬೆಳೀತಾರಾ?" ನಂಗೂ ಗೊತ್ತಿರ್ನಿಲ್ಲ. ಗೊತ್ತಿಲ್ಲ ಅನ್ನೋಕೆ ಬಾಯಿ ಬರ್ನಿಲ್ಲ. "ಓಗಣ್ಣೋ, ಅದೆಲ್ಲಾ ದೊಡ್ಡ ವಿಷಯ, ನಿಂಗೆ ಅರ್ಥ ಆಗಲ್ಲ" ಅಂದೆ. "ಮತ್ತೆ ನಾವೆಲ್ಲಿ ಒಕ್ಕಣೆ ಮಾಡಾನ?" "ರೋಡಿಲ್ವಾ? ಊರೋರೆಲ್ಲಾ ಟಾರು ರೋಡಿಗೇ ತಾನೇ ರಾಗಿ ಹಾಸೋದು. ಬಸ್ಸು, ಲಾರಿ ತುಳಿದುಕೊಡ್ತವೆ, ಎತ್ತೂ ಬ್ಯಾಡ." ಅಂದೋನು ನಾನೇ, ಈ ಬಾಯೇ.

ಕಣದ ನಾಲ್ಕು ಮೂಲೆಗೂ ಒಂದೊಂದು ಚಪ್ಪಟೆ ಪೆಟ್ಟಿಗೆ ಮಡಗಿದ್ರು, ಬೆಳಕು ನುಸುಳದಂಗೆ ಕರೀ ಹಾಳೆ ಸುತ್ತಿ. ಒಳಗೊಂದು ಪ್ಲಾಸ್ಟಿಕ್ ಹಲಗೆ. ಮೇಲಿಂದ ಬಂದದ್ದು ಅದನ್ನ ತೂರಿದ್ರೆ ಮಿಣುಕ್ ಅಂತದೆ, ನಮ್ಮ ಕಣ್ಣಿಗಲ್ಲ, ಯಂತ್ರದ ಕಣ್ಣಿಗೆ. ಮೇಡಮ್ಮು ಹೇಳೋರು, ನಕ್ಷತ್ರಗಳಾಚೆಯಿಂದ ಒಂದೇ ಒಂದು ಕಿರಣ ಬತ್ತದಂತೆ, ಮೇಲುಗಡೆ ಗಾಳಿಗೆ ಬಡಿದು ಒಡೀತದಂತೆ, ಒಂದು ಹತ್ತಾಗಿ, ಹತ್ತು ಲಕ್ಷ ಆಗಿ ಸುರೀತದಂತೆ. ನಾಲ್ಕು ಪೆಟ್ಟಿಗೆನೂ ಒಂದೇ ಸಲಕ್ಕೆ ಮಿಣುಕಿದ್ರೆ ಅದು ಭಾರಿ ಶಕ್ತೀದು. ಬರೀ ಒಂದೇ ಮಿಣುಕಿದ್ರೆ ಲೆಕ್ಕಕ್ಕಿಲ್ಲ. ನಾನೇ ಕಾವಲು. ಕಾಗೆ ಕೂರಗೊಡ್ತಿರ್ನಿಲ್ಲ. ಒಂದಿನ ಎಂಥಾದ್ದು ಬಿತ್ತು ಅಂದ್ರೆ, ಕಪಿಲೆ ಹೊಳೆ ನೀರು ಒಂದು ಗಳಿಗೆ ನಿಂತು ಮುಂದಕ್ಕೋಯ್ತು. ಯಾರ್ನಾರ ಕೇಳಿ ಬೇಕಾದ್ರೆ.

ಎರಡನೇ ಸುಗ್ಗಿ. ಅಣ್ಣ ನರಸೀಪುರದ ರೋಡಲ್ಲಿ ರಾಗಿ ಹಾಸಿದ್ದ. ಮಟಮಟ ಮಧ್ಯಾಹ್ನ, ಬಗ್ಗಿ ತೆನೆ ತಿರುವಿ ಹಾಕ್ತಾವ್ನೆ, ಕಬ್ಬಿನ ಲಾರಿ ಬಂತು. ಡ್ರೈವರ್ರು ಬ್ರೇಕ್ ಒತ್ತಿದ, ಹುಲ್ಲಿನ ಮೇಲೆ ಚಕ್ರ ಜಾರ್ತು. ಅಣ್ಣನ ಬಲಗಾಲು ಮೊಣಕಾಲಿಂದ ಕೆಳಗೆ ಓಯ್ತು. ನಾನಾಗ ಪೆಟ್ಟಿಗೆ ಧೂಳು ಒರೆಸ್ತಿದ್ದೆ. ಆವತ್ತು ನನ್ನ ತಲೆ ಚುರ್ ಅನ್ನಲಿಲ್ಲ.

ಆಸ್ಪತ್ರೆಯಿಂದ ಬಂದು ಮೇಡಮ್ಮಿಗೆ ಬೈದೆ. "ನಿಮ್ಮ ಕಣಕ್ಕೆ ನಮ್ಮಣ್ಣನ ಕಾಲು ಬಲಿಯಾಯ್ತಲ್ರೀ! ತೆಗೀರಿ ಆಚೆಗೆ!" "ಒಕ್ಕೋ ಕಣಾನ ನಾವೆಲ್ಲಿ ಕೇಳಿದ್ವಿ?" ಅಂದ್ರು ಆಯಮ್ಮ. "ಕಣ ಅಂದ್ರೆ ಚೂರು ಅಜ್ಜಾ. ಆ ಕಿರಣ ಒಡೆದು ಬೀಳ್ತದಲ್ಲಾ, ಆ ಚೂರು, ಧೂಳಿಗಿಂತ ಸಣ್ಣದು. ನಾವು ಹಿಡಿಯೋದು ಅದನ್ನ. ನಮಗೆ ಯಾವ ಬಯಲಾದ್ರೂ ಆಗೋದು. ನೀವಾಗೇ ಒಕ್ಕೋ ಕಣ ಕೊಟ್ರಲ್ಲಾ, ಎಷ್ಟು ದೊಡ್ಡ ಮನಸ್ಸು ಅನ್ಕೊಂಡಿದ್ವಿ" ಅಂದ್ರು.

ಊರಾಚೆ ಕಲ್ಲುದಿಣ್ಣೆ ಖಾಲಿ ಬಿದ್ದಿತ್ತು ಕಣ್ರಲಾ. ಕುರಿನೂ ಮೇಯದ ದಿಣ್ಣೆ.

ಅಣ್ಣನ ಮಂಚದ ಪಕ್ಕ ಕೂತು ಎಲ್ಲಾ ಹೇಳ್ದೆ. ಪೂರ್ತಿ ಕೇಳ್ಕಂಡ. ಕಂಬಳಿ ಎಳ್ಕಂಡು ಗೋಡೆ ಕಡೆ ತಿರುಗ್ದ. ಆಮೇಲೆ ಪೆಟ್ಟಿಗೆ ಕಿತ್ಕಂಡು ಮೇಡಮ್ಮೋರು ಹೊಂಟೋದ್ರು. ಅಣ್ಣ ಆವತ್ತಿಂದ ನನ್ನ ಕೂಡ ಒಂದು ಮಾತೂ ಆಡಿಲ್ಲ, ಮೊನ್ನೆ ನಿಮ್ಮವ್ವನ ಮದುವೇಲೂ ಬೆನ್ನು ತೋರಿಸ್ಕಂಡೇ ಉಂಡ... ನಿಮ್ಮವ್ವಂದಲ್ಲ, ನಿಮ್ಮ ಚಿಕ್ಕವ್ವಂದು. ಗೊತ್ತಿಲ್ಲ ಅಂದ್ರೆ ಒಂದು ಗಳಿಗೆ ನಾಚಿಕೆ ಆಯ್ತದೆ, ಅಷ್ಟೇ. ತಿಳೀದಿದ್ರೆ ಬಾಯಿಬುಟ್ಟು ಕೇಳ್ರಪ್ಪಾ.