ಮುಂದಿನ ವಾರ ಬೇಡ

ರಕ್ತಪರೀಕ್ಷೆಯ ವರದಿಗೆಂದು ಆಸ್ಪತ್ರೆಯಲ್ಲಿ ಕಾಯುತ್ತಿದ್ದೆ. ನನ್ನ ಬೆಂಚಿನಲ್ಲೇ ಒಬ್ಬಾಕೆ ಕುಳಿತಿದ್ದಳು. ತಲೆಗೆ ಬಟ್ಟೆ ಕಟ್ಟಿಕೊಂಡಿದ್ದ ಅವಳ ತಂಗಿ ಮಾತ್ರ ಬಾಗಿಲಿಗೂ ಬೆಂಚಿಗೂ ಓಡಾಡುತ್ತಲೇ ಇದ್ದಳು. ಅವಳಿಗೆ ಅಂದು ಎರಡನೇ ಕೀಮೋ.

“ಕೂತ್ಕೊಳ್ಳೇ. ಹೊಲಿಗೆ ಮೆಷಿನ್ ತುಳಿದೂ ತುಳಿದೂ ನಿನ್ನ ಕಾಲಿಗೆ ಸುಮ್ನಿರೋದೇ ಮರೆತುಹೋಗಿದೆ.”

“ಬಿಳಿ ರಕ್ತಕಣ ಕಮ್ಮಿ ಇದ್ರೆ ಇವತ್ತು ಔಷಧಿ ಹಾಕಲ್ವಂತೆ ಅಕ್ಕ. ಮುಂದಿನ ವಾರ ಬನ್ನಿ ಅಂತಾರಂತೆ.”

“ಅನ್ಲಿ ಬಿಡು. ಇನ್ನೊಂದು ವಾರ ನೆಮ್ಮದಿಯಾಗಿ ಉಂಡು ಮಲಗ್ತೀಯ. ಹೋದ್ಸಲ ನಿಂಗೆ ಗುಟುಕು ನೀರೂ ದಕ್ಕಲಿಲ್ಲ.”

“ಹೋದ್ಸಲ ಏನಾಗುತ್ತೆ ಅಂತ ಗೊತ್ತಿರ್ಲಿಲ್ಲ, ಬಂದು ಕೂತ್ಬಿಟ್ಟೆ. ಈಗ ಗೊತ್ತು. ಹೆಂಗೋ ಮನಸ್ಸು ಗಟ್ಟಿ ಮಾಡ್ಕೊಂಡು ಬಂದಿದೀನಿ. ವಾಪಸ್ ಕಳಿಸಿದ್ರೆ ಮತ್ತೆ ಮೊದಲಿಂದ ಗಟ್ಟಿ ಮಾಡ್ಕೋಬೇಕು. ನನ್ನ ಕೈಲಾಗಲ್ಲ.”

ಅಕ್ಕ ಬೆಂಚಿನ ಮೇಲಿದ್ದ ಬ್ಯಾಗನ್ನು ಸರಿಸಿ ತಂಗಿಗೆ ಜಾಗ ಮಾಡಿದಳು.

“ಸ್ಕೂಲ್ ಪರೀಕ್ಷೆ ರಿಸಲ್ಟ್ ದಿನಾನೂ ನೀನು ಹೀಗೇ, ಅಂಡು ಸುಟ್ಟ ಬೆಕ್ಕಿನ ಥರ ಓಡಾಡ್ತಿದ್ದೆ.”

“ಪಾಸಾದೆ ತಾನೆ?”

“ಗಣಿತದಲ್ಲಿ ಡುಮ್ಕಿ.”

“ಇವತ್ತೇ ನೆನಪಿಸ್ಬೇಕಿತ್ತಾ ಅದನ್ನ!”

ಇಬ್ಬರೂ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ನಗು ನಿಲ್ಲುವ ಮೊದಲೇ ನರ್ಸ್ ಬಂದಳು.

“ರಿಪೋರ್ಟ್ ಚೆನ್ನಾಗಿದೆ. ಔಷಧಿ ಹಾಕ್ಬಹುದು, ಬನ್ನಿ.”

ತಂಗಿ ಗೋಡೆ ಹಿಡಿದು ನಿಂತಳು.

“ಬ್ಯಾಗ್ ತಗೋ ಅಕ್ಕ, ಬೇಗ. ಓಡಿಹೋಗೋಣ ಅನ್ಸೋದ್ರೊಳಗೆ ಹೋಗಿ ಕೂತ್ಬಿಡ್ತೀನಿ.”

ಅಕ್ಕ ಬೆಂಚಿನ ಕೆಳಗೆ ಚಪ್ಪಲಿ ಹುಡುಕುವಷ್ಟರಲ್ಲಿ ಅವಳು ಒಳಗೆ ಹೋಗಿಯಾಗಿತ್ತು.