ಒರೆಸಿದ ಕೆಂಪು

"ಇವನು ಚಿತ್ರದಲ್ಲಿ ಬರೆಯೋ ಮನುಷ್ಯರಿಗಿಂತ ದೋಣಿ ಕಟ್ಟೋ ಗೂಟಗಳೇ ವಾಸಿ, ಅವು ನೆಟ್ಟಗಾದ್ರೂ ನಿಲ್ತವೆ... ಅಂದುಬಿಟ್ಟ ಯಜಮಾನ, ಅಷ್ಟೂ ಹಡಗಿನ ವ್ಯಾಪಾರಿಗಳ ಎದುರಿಗೆ."

ಮಳೆ ಬಿಡುವಂತಿರಲಿಲ್ಲ. ಹಳೆಯ ಚಿತ್ರಗಳನ್ನು ತೊಳೆದು ಚೌಕಟ್ಟು ಹಾಕುವ ಆ ಕೋಣೆಯಲ್ಲಿ, ಅಂಟು ಕಾಯಿಸುವ ಒಲೆಯ ಸುತ್ತ, ಮನೆಗೆ ಹೋಗಲಾರದವರು ಕೂತಿದ್ದರು: ಚಿತ್ರ ತೊಳೆಯುವವಳು, ಅವಳ ಅತ್ತಿಗೆ, ಲಾರಿಯ ಚಾಲಕ. ಹೇಳುತ್ತಿದ್ದವನು ಚೌಕಟ್ಟು ಹಾಕುವ ಅಜ್ಜ. ಕತೆಯೊಳಗೆ ಬಾಗಿಲಿನಿಂದ ಬರುವವನಲ್ಲ ಅವನು, ಕಿಟಕಿಯಿಂದ ಒಳಕ್ಕೆ ಹಾರುವವನು.

"ಅಂದಿದ್ದು ಯಾರಿಗಜ್ಜ?" ಎಂದಳು ತೊಳೆಯುವವಳು.

"ಚುಕ್ಕಿಗೆ ಕಣಮ್ಮ. ನೂರೈವತ್ತು ವರ್ಷದ ಹಿಂದಿನ ಮಾತು, ಹೊಳೆ ದಡದ ಬಂದರು... ಆಕಾಶ, ನೀರು, ಹಡಗು ಎಲ್ಲಾ ಯಜಮಾನನೇ ಬರೀತಿದ್ದ. ಅದರೊಳಗಿನ ಕಾಳಷ್ಟು ಕಾಳಷ್ಟು ಜನ ಮಾತ್ರ ಇವನ ಪಾಲು, ಅದಕ್ಕೇ ಚುಕ್ಕಿ ಅಂತ ಹೆಸರು. ಎಲ್ಲರೂ ನಕ್ಕರು. ಬುತ್ತಿ ತಂದಿದ್ದ ಅವನ ಹೆಂಡತಿ ಬಾಗಿಲಲ್ಲೇ ನಿಂತಿದ್ಲು. ಹೊಟ್ಟೆ ಉರೀದೆ ಇರುತ್ತಾ, ಹೇಳಿ?

ಮಾರನೇ ದಿನ ಕಿಟಕಿ ಹತ್ರ ಕೂತು ಕಂಡವರನ್ನ ಕಂಡ ಹಾಗೇ ಬರೆದ. ಮೂಟೆ ಹೊರೋ ಒಬ್ಬ ಕುಂಟ... ಬರೆದು ತಲೆ ಎತ್ತಿದ್ರೆ ದಡದಲ್ಲಿ ಮೂಟೆ ಇದೆ, ಕುಂಟ ಇಲ್ಲ. ಚಿತ್ರದಲ್ಲಿದ್ದಾನೆ, ಉಸಿರಾಡ್ತಾ. ಬೇರೆಯವರಾಗಿದ್ರೆ ಕುಂಚ ಮುರಿದು ಎಸೀತಿದ್ರು. ಇವನು ಇನ್ನೊಬ್ಬರನ್ನ ಹುಡುಕ್ದ. ಮೀನು ಮಾರೋಳು, ಹುಟ್ಟು ಹಾಕೋನು, ಅವನ ಮಗು... ಯಜಮಾನ ಭೇಷ್ ಅಂತ ಹೆಗಲ ಮೇಲೆ ಕೈ ಹಾಕ್ದ ನೋಡಿ, ಆ ಕೈಗೋಸ್ಕರ ದಡವನ್ನೇ ಖಾಲಿ ಮಾಡ್ದ ಪುಣ್ಯಾತ್ಮ.

ಈಗ ಕೇಳಿ. ಹೊಳೆ ಬರೆಯೋರಿಗೆ ಒಂದು ಅಭ್ಯಾಸ. ನೀರೆಲ್ಲ ಹಸಿರು, ಬೂದಿ... ಹಾಗೇ ಬಿಟ್ರೆ ಮಂಕು ಹೊಡೆಯುತ್ತೆ ಅಂತ ಕೊನೇಲಿ ಎಲ್ಲಾದ್ರೂ ಒಂದು ತೊಟ್ಟು ಕೆಂಪು ಇಡ್ತಾರೆ. ಕಣ್ಣು ನೋಡೋಕೆ ಮುಂಚೆ ಚುಕ್ಕಿಯ ಕೈ ಇಟ್ಟುಬಿಡ್ತು. ಆಮೇಲೆ ನೋಡ್ದ. ಅವತ್ತು ದಡದ ಮೇಲೆ ಕೆಂಪು ಶಾಲು ಹೊದ್ದು ಬರ್ತಿದ್ದೋಳು ಒಬ್ಬಳೇ... ಬುತ್ತಿ ಡಬ್ಬಿ ಮೆಟ್ಟಿಲ ಮೇಲೆ ಉರುಳ್ತಾ ಇತ್ತು.

ಚಿತ್ರದಲ್ಲಿ ಅವಳು ಇವನ ಕಡೆಗೇ ತಿರುಗಿದ್ಲು. ಬಿಟ್ಟಿದ್ರೆ ಅಲ್ಲಾದ್ರೂ ಇರ್ತಿದ್ಲು. ಚಿತ್ರದಿಂದ ಹೊರಗೆ ತರ್ತೀನಿ ಅಂತ, ಬಣ್ಣ ಕರಗಿಸೋ ಟರ್ಪೆಂಟೈನ್ ಬಟ್ಟೆ ತಗೊಂಡು ಒರೆಸ್ದ. ಮೊದಲು ಮುಖ ಹೋಯ್ತು... ಕೂಗು ಬಟ್ಟೆಯೊಳಗಿಂದ ಬಂತು. ಗಾಬರಿಗೆ ಇನ್ನೂ ಜೋರಾಗಿ ಉಜ್ಜಿದ. ಕೂಗು ನಿಲ್ಲೋವರೆಗೂ ಉಜ್ಜಿದ."

"ಒರೆಸಿದ್ರೆ ಹೋಗೋದು ಬಣ್ಣ ಅಜ್ಜ. ಹೆಂಗಸರಿದ್ದಾರೆ ಅಂತ ಹೆದರಿಸ್ಬೇಡ," ಎಂದ ಚಾಲಕ, ಒಲೆಗೆ ಇನ್ನಷ್ಟು ಹತ್ತಿರ ಸರಿಯುತ್ತಾ.

"ಹೌದಪ್ಪ, ಬಣ್ಣವೇ. ಮಿಕ್ಕವರು ಇನ್ನೂ ಆ ಚಿತ್ರದಲ್ಲೇ ಇದ್ದಾರೆ. ಮೊನ್ನೆ ನೀನೇ ಲಾರಿಯಿಂದ ಇಳಿಸಿದೆಯಲ್ಲ, ಹೊಳೆ ಚಿತ್ರ... ನೀರಿನ ಮೇಲೆ ಕೊಳೆ ಕೂತಿದೆ, ತೊಳೆದುಕೊಡಿ ಅಂದ್ರು."

ತೊಳೆಯುವವಳು ತನ್ನ ಬೆರಳುಗಳನ್ನು ನೋಡಿಕೊಂಡಳು. ಮಧ್ಯಾಹ್ನ ಆ ಚಿತ್ರದಲ್ಲಿ, ಹುಟ್ಟು ಹಾಕುವವನ ಪಕ್ಕ, ದೋಣಿಯ ಅಂಚಿನಲ್ಲಿ ಒಂದು ಪುಟ್ಟ ಕಲೆ ಕಂಡಿತ್ತು. ಎರಡು ಸಲ ಒರೆಸಿದರೂ ಹೋಗದೆ, ಮೂರನೆಯ ಸಲ ಹತ್ತಿಯನ್ನು ಒತ್ತಿ ಹಿಡಿದಾಗ ಹೋಗಿತ್ತು. ಆಗ ಎಲ್ಲೋ ಕೀರಲು ದನಿ ಕೇಳಿಸಿದ್ದನ್ನು ಅಂಟು ಕುದಿಯುವ ಸದ್ದು ಎಂದುಕೊಂಡಿದ್ದಳು.

"ಅಜ್ಜ, ನಾನು ಒರೆಸಿದ್ದು ಯಾರನ್ನ?"

ಅಜ್ಜ ಕೊಡೆ ಬಿಚ್ಚಿದ. ಅವಳ ಮುಖವನ್ನೊಮ್ಮೆ ನೋಡಿ ಮಳೆಯೊಳಗೆ ನಡೆದುಬಿಟ್ಟ.