ಕೊತ್ತಂಬರಿಯ ನಡುವೆ ಹುಟ್ಟಿದ ಗಿಡ

...ಅಯ್ಯೋ, ಆ ಕುರ್ಚಿ ಬೇಡ ಮಾರಾಯ್ತಿ, ಅದರ ಒಂದು ಕಾಲು ಸಡಿಲ. ಇತ್ತ ಬಾ, ಏಸಿಯ ಕೆಳಗೆ ಕೂತುಕೋ. ಮುಖವೆಲ್ಲ ಕೆಂಪಾಗಿದೆ ನೋಡು. ದುಬೈಯ ಆ ತುದಿಯ ಡಿಸ್ಕವರಿ ಗಾರ್ಡನ್ಸ್ ಎಲ್ಲಿ, ಈ ತುದಿಯ ಮಿರ್ದಿಫ್ ಎಲ್ಲಿ! ಒಬ್ಬ ಮುದುಕಿಯ ಮಾತು ಕೇಳಲಿಕ್ಕೆ ಇಷ್ಟು ದೂರ ಬಂದಿಯಾ? ತುಳು ಬರುವುದಿಲ್ಲ ಅಂದೆ. ಬ್ಯಾರಿ ಭಾಷೆಯಂತೂ ಇಲ್ಲವೇ ಇಲ್ಲ. ಅಡ್ಡಿಯಿಲ್ಲ, ಕನ್ನಡದಲ್ಲೇ ಮಾತಾಡುವ. ನನ್ನದು ಶಾಲೆಯ ಕನ್ನಡ ಅಲ್ಲ, ರೇಡಿಯೊ ಕನ್ನಡ. ಬೀಡಿ ಕಟ್ಟುತ್ತಾ ಕಟ್ಟುತ್ತಾ ಕಿವಿಯಲ್ಲೇ ಕಲಿತದ್ದು. ವಾರ್ತೆ, ಕೃಷಿರಂಗ, ಎಲ್ಲ ಬಾಯಿಪಾಠ.

ನಗ್ತೀಯಾ? ನಗು, ನಗು. ಈ ಮನೆಯಲ್ಲಿ ಯಾರಾದರೂ ನಕ್ಕು ಒಂಬತ್ತು ದಿನ ಆಯಿತು.

ನೀನು ಅಕ್ಷಿತಾ, ವಕೀಲರ ಆಫೀಸಿನವಳು. ಗೊತ್ತು. ನಮ್ಮ ವಕೀಲರಲ್ಲ, ಅವಳ ವಕೀಲರು. ನಮ್ಮ ಮನೆಕೆಲಸದ ಯಾತಿಯ ವಕೀಲರು. ಮಗ ರವೂಫ್ ಇದ್ದಿದ್ದರೆ ನಿನಗೆ ಬಾಗಿಲೇ ತೆಗೆಯುತ್ತಿರಲಿಲ್ಲ. ಅವ ಆಫೀಸಿಗೆ ಹೋಗಿದ್ದಾನೆ, ಸೊಸೆ ರುಬೀನ ಮಕ್ಕಳನ್ನು ಕರೆತರಲು ಶಾಲೆಗೆ. ನಾನು ತೆಗೆದೆ. ಯಾಕೆ ತೆಗೆದೆ? ಹೊಟ್ಟೆಯಲ್ಲಿ ಬೆಂಕಿ ಉಂಟು, ಅದಕ್ಕೆ! ನಾಳೆ ನಾನು ಠಾಣೆಗೆ ಬಂದು ಹೇಳಿಕೆ ಕೊಡಬೇಕು. 'ಹಿತ್ತಲಲ್ಲಿ ಪೊಲೀಸರಿಗೆ ಸಿಕ್ಕಿದ ಆ ಗಿಡ ಯಾತಿಯದ್ದು' ಅಂದರೆ ಅವಳಿಗೆ ಜೈಲು. 'ಅವಳದ್ದಲ್ಲ' ಅಂದರೆ ಬಿಟ್ಟಾರು. ಅಷ್ಟೇ ಅಲ್ಲವಾ ಸಂಗತಿ? ಹಾಗಾದರೆ ಮೊದಲು ನನ್ನ ಮಾತು ಕೇಳು. ಬರೆದುಕೋ ಬೇಕಾದರೆ. ಅವಳು ನಿನಗೆ ಹೇಳಿದ್ದೆಲ್ಲ ಸುಳ್ಳು.

ಎಂತ ಹೇಳಿದಳು ಅಂತ ನೀನು ನನಗೆ ಹೇಳುವುದು ಬೇಡ. ನನಗೆ ಗೊತ್ತಿಲ್ಲವಾ? ಮುಳುಗುವವಳು ಕೈಗೆ ಸಿಕ್ಕಿದವರ ಕೂದಲು ಹಿಡಿಯುತ್ತಾಳೆ. ಹಿಡಿಯಲಿ. ಆದರೆ ನನ್ನ ಕೂದಲಾ? ಮೂರು ವರ್ಷ ನನ್ನ ಬಟ್ಟಲಲ್ಲಿ ಉಂಡವಳು! ರುಬೀನ ಅವಳಿಗೆ ಬೇರೆ ತಟ್ಟೆ ಇಟ್ಟಿದ್ದಳು, ನೀಲಿ ಪ್ಲಾಸ್ಟಿಕ್ಕಿನದ್ದು. ನಾನು ಅದನ್ನು ಬೆಕ್ಕಿಗೆ ಇಟ್ಟೆ. 'ನೀನು ನನ್ನ ಹತ್ತಿರ ಕೂತು ಉಣ್ಣು' ಅಂದೆ. ನೈ ಪತ್ತಿರ್, ಅದೇ ನಮ್ಮ ಎಣ್ಣೆಯಲ್ಲಿ ಕರಿದ ಅಕ್ಕಿರೊಟ್ಟಿ, ಮಾಡಲು ಕಲಿಸಿದೆ, ತಿಂದವರೆಲ್ಲ ನನ್ನ ಕೈಯದ್ದು ಅಂತಲೇ ತಿಳಿಯುತ್ತಿದ್ದರು, ಹಾಗೆ ಕಲಿತಳು. ನನ್ನನ್ನು 'ನೇನೆಕ್' ಅಂತ ಕರೆಯುತ್ತಿದ್ದಳು. ಅವಳ ಭಾಷೆಯಲ್ಲಿ ಅಜ್ಜಿ ಅಂತ. ಈ ಮನೆಯ ಮಕ್ಕಳು ನನ್ನ ಹತ್ತಿರ ಮಾತಾಡುವುದು 'ಹಾಯ್ ಗ್ರ್ಯಾಂಡ್ಮಾ, ಬೈ ಗ್ರ್ಯಾಂಡ್ಮಾ', ಅಷ್ಟೇ. ಕೂತು ಕಥೆ ಕೇಳಿದವಳು ಅವಳೊಬ್ಬಳೇ. ಅರ್ಧ ಹಿಂದಿ, ಕಾಲು ಅರಬಿ, ಉಳಿದದ್ದು ಕೈಸನ್ನೆ... ಆದರೂ ಕೇಳುತ್ತಿದ್ದಳು. ಅಂಥವಳು ಠಾಣೆಯಲ್ಲಿ ಕೂತು ನನ್ನ ಮೇಲೆ... ಥೂ! ಉಂಡ ಮನೆಗೆ ಎರಡು ಬಗೆಯುವುದು ಅಂದರೆ ಇದೇ.

ಬೀಜ ನನ್ನದು ಅಂದಿರಬೇಕು, ಅಲ್ಲವಾ? ಹೇಳಿಯೇ ಇರುತ್ತಾಳೆ. ಕೇಳು, ನಾನು ತಂದದ್ದು ಕೊತ್ತಂಬರಿ. ಊರಿಂದ ಬರುವ ಯಾವ ಹೆಂಗಸು ಬೀಜ ತರುವುದಿಲ್ಲ ಹೇಳು? ಬಸಳೆ, ಹರಿವೆ, ಅಲಸಂಡೆ, ಎಲ್ಲ ತಟ್ಟಿಯ ತುದಿಗೆ ಗಂಟು ಹಾಕಿ ತರುವುದೇ. ನಮ್ಮಲ್ಲಿ ತಲೆಗೆ ಹೊದೆಯುವ ಬಟ್ಟೆಗೆ ತಟ್ಟಿ ಅನ್ನುತ್ತೇವೆ. ಇಲ್ಲಿ ಹಿತ್ತಲಲ್ಲಿ ತುಪ್ಪದ ಡಬ್ಬಿ, ಪೈಂಟಿನ ಬಕೆಟ್ಟು ಸಾಲಾಗಿ ಇಟ್ಟು ಬಿತ್ತುವುದು. ಕೊತ್ತಂಬರಿಯನ್ನು ಹಾಗೇ ಬಿತ್ತಿದರೆ ಹುಟ್ಟುವುದಿಲ್ಲ. ಗೊತ್ತುಂಟಾ ನಿನಗೆ? ನೆಲಕ್ಕೆ ಹಾಕಿ ಚಪ್ಪಲಿಯಲ್ಲಿ ಮೆಲ್ಲ ಉಜ್ಜಬೇಕು, ಒಂದು ಕಾಳು ಎರಡಾಗಬೇಕು. ಚಳಿ ಶುರುವಾಗುವಾಗ ಉಜ್ಜಿ ಬಿತ್ತಿದೆ. ಎಂಟನೇ ದಿನಕ್ಕೆ ಎದ್ದಿತು. ಅದರ ನಡುವೆ ಇನ್ನೊಂದು ಎದ್ದಿತು. ಅದಕ್ಕೆ ನಾನು ಎಂತ ಮಾಡಲಿ? ಕರೆಯದೆ ಬಂದದ್ದು, ಕಳೆ! ಗದ್ದೆಗೆ ಕಳೆ ಬಂದರೆ ರೈತನನ್ನು ಹಿಡಿಯುತ್ತಾರಾ?

ಗಸಗಸೆ ಇಲ್ಲಿಗೆ ತರಬಾರದು ಅಂತ ರವೂಫ್ ಹೇಳಿದ್ದ. ನಾನು ತಂದೆನಾ? ಇಲ್ಲ. ಕಟ್ಟಿಟ್ಟ ಪೊಟ್ಟಣವನ್ನು ಪೆಟ್ಟಿಗೆಯಿಂದ ತೆಗೆದು ಊರಿನ ಪಕ್ಕದ ಮನೆಯ ಖೈರುನ್ನಿಸಳಿಗೆ ಕೊಟ್ಟು ಬಂದೆ. ಕಾನೂನು ಅಂದರೆ ನನಗೆ ಹೆದರಿಕೆ ಉಂಟು ಮಗಳೇ. ಗಸಗಸೆ ಬೇಡ ಅಂದರು, ಬಿಟ್ಟೆ. ಇದು ಬೇಡ ಅಂತ ಹೇಳಿದವರು ಯಾರು?...

ಇಲ್ಲ, ಇಲ್ಲ. 'ಇದು' ಅಂದರೆ... ಕೊತ್ತಂಬರಿ ಬೇಡ ಅಂತ ಯಾರೂ ಹೇಳಲಿಲ್ಲ ಅಂದೆ. ನೀನೆಂತ ಹಾಗೆ ನೋಡುವುದು?

ಚಹಾ ಕುಡಿ. ಸುಲೈಮಾನಿ, ಹಾಲು ಹಾಕಲಿಲ್ಲ. ಯಾತಿ ಇದ್ದಿದ್ದರೆ ಪುದೀನ ಹಾಕಿ ಕೊಡುತ್ತಿದ್ದಳು... ಹೋಗಲಿ, ಅವಳ ಹೆಸರು ನನ್ನ ಬಾಯಲ್ಲಿ ಬರಬಾರದು.

ಮತ್ತೆ ಎಂತ ಹೇಳಿದ್ದಾಳೆ? ಗಿಡವನ್ನು ಅವಳು ಕೀಳಲು ಹೋದಳು, ನಾನು ಕೈ ಹಿಡಿದೆ ಅಂತ. ಅದೇ ಅಲ್ಲವಾ? ಹಿಡಿದೆ, ಹೌದು. ಆದರೆ ಪಕ್ಕದಲ್ಲೇ ಬಸಳೆ ಇತ್ತು, ಅದರ ಬೇರು ಎದ್ದು ಬರುತ್ತದೆ ಅಂತ ಹಿಡಿದೆ. ಅವಳಿಗೆ ಗಿಡ ಕೀಳಲು ಗೊತ್ತಿಲ್ಲ, ಹುಚ್ಚು ಹಿಡಿದವಳ ಹಾಗೆ ಎಳೆಯುತ್ತಿದ್ದಳು. 'ನೇನೆಕ್, ಜೈಲ್, ನೇನೆಕ್, ಜೈಲ್' ಅಂತ ಎರಡು ಕೈಯ ಮಣಿಕಟ್ಟು ಸೇರಿಸಿ ತೋರಿಸುವುದು.

ಅವಳು ಹೆದರುವುದರಲ್ಲಿ ಅರ್ಥ ಉಂಟು. ಅವಳ ಅಣ್ಣನ ಕಥೆ ನಿನಗೆ ಹೇಳಿದಳಾ? ಹೇಳಿರಬೇಕು. ಅವರ ಊರು ಸುಮಾತ್ರದಲ್ಲಿ, ಗುಡ್ಡದ ಬದಿ, ಚಿನ್ನದ ಗಣಿಯ ಊರು. ಚಿನ್ನದ ಊರು ಅಂದರೆ ಹೆಂಗಸರ ಕುತ್ತಿಗೆಯಲ್ಲಿ ಚಿನ್ನ ಅಂತ ತಿಳಿಯಬೇಡ. ಅಗೆದು ಅಗೆದು ಗುಡ್ಡವನ್ನು ಜರಡಿ ಮಾಡಿದರಂತೆ. ಹೊಳೆಯ ನೀರು ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿತು, ಗದ್ದೆ ಹೋಯಿತು, ಆಳೆತ್ತರ ಕಳೆ ಎದ್ದಿತು. ಅಣ್ಣ ಗುಂಡಿಗೆ ಇಳಿದ. ಒಂದು ದಿನ ಗುಂಡಿ ಕುಸಿಯಿತು. ಇವ ಮೇಲೆ ಬಂದ, ಜೊತೆಯವ ಬರಲಿಲ್ಲ. ಮತ್ತೆ ಇವ ಇಳಿಯಲಿಲ್ಲ. ಹೊಟ್ಟೆ ಕೇಳಬೇಕಲ್ಲ? ಮೆಣಸಿನ ಸಾಲಿನ ನಡುವೆ ಈ ಗಿಡ ನೆಟ್ಟ. ಅವರ ಅಜ್ಜಿ ಆಡಿನ ಸಾರಿಗೆ ಇದರ ಬೀಜ ಅರೆದು ಹಾಕುತ್ತಿದ್ದಳಂತೆ, ನಾವು ಗಸಗಸೆ ಅರೆಯುವ ಹಾಗೆ. ಅಜ್ಜಿಯ ಕಾಲಕ್ಕೆ ಮಸಾಲೆ, ಮೊಮ್ಮಗನ ಕಾಲಕ್ಕೆ ಏಳು ವರ್ಷದ ಜೈಲು! ಪೊಲೀಸರು ಬಂದು ಮೆಣಸನ್ನೂ ಸೇರಿಸಿ ಸುಟ್ಟರು. ಗುಡ್ಡ ತೋಡಿದ ದೊಡ್ಡವರನ್ನು ಯಾರೂ ಕೇಳಲಿಲ್ಲ. ಇವಳು ತಂಗಿ, ಅಣ್ಣನ ಮಕ್ಕಳಿಗೆ ಅನ್ನ ಕಳಿಸಲು ಇಲ್ಲಿಗೆ ಬಂದಳು. ಹೇಳುವಾಗ ಅತ್ತಳು ಪಾಪ. ನಾನೂ ಅತ್ತೆ.

ಎಂತ? ಯಾವಾಗ ಹೇಳಿದಳು ಅಂತಾ?

ಅದು... ಬಸಳೆಯ ಬುಡದಲ್ಲಿ ಕೂತಿದ್ದಾಗ. ನಾನು ಕೈ ಹಿಡಿದೆನಲ್ಲ, ಆವತ್ತು. ಅಲ್ಲ, ಅದಕ್ಕಿಂತ ಮೊದಲು... ನನಗೆ ನೆನಪಿಲ್ಲ ಮಾರಾಯ್ತಿ, ವಯಸ್ಸು ಎಪ್ಪತ್ತಾರು. ದಿನ, ವಾರ ಎಲ್ಲ ಕೇಳಿದರೆ ನಾನು ಎಲ್ಲಿಂದ ತರಲಿ?

ಹಾಂ, ಗೊತ್ತಾಯಿತು ಬಿಡು ನಿನ್ನ ಲೆಕ್ಕ. 'ಅಜ್ಜಿಗೆ ಆವತ್ತೇ ಗೊತ್ತಿತ್ತು' ಅಂತ ಅವಳು ಹೇಳಿದ್ದಾಳೆ. ಎಣ್ಣೆಯ ವಿಷಯವನ್ನೂ ಹೇಳಿರುತ್ತಾಳೆ! ಎಷ್ಟು ದೊಡ್ಡ ಬಾಯಿ ಅವಳದ್ದು! ಎಣ್ಣೆ ಕುಡಿಯುವುದಲ್ಲ ಮಗಳೇ, ಹೊಗೆ ಎಳೆಯುವುದಲ್ಲ. ಹರಾಮ್ ಎಂಥದ್ದೂ ಇಲ್ಲ. ಎಲೆಯನ್ನು ತೆಂಗಿನ ಎಣ್ಣೆಯಲ್ಲಿ ಕಾಯಿಸಿ ಮಂಡಿಗೆ ಹಚ್ಚುವುದು. ಈ ಎರಡು ಮಂಡಿ ನೋಡು, ಊದಿದ ಪತ್ತಿರ್ ಹಾಗೆ. ಆರು ವರ್ಷದಿಂದ ಕುರ್ಚಿಯಲ್ಲಿ ಕೂತು ನಮಾಝ್ ಮಾಡಿದವಳು ನಾನು. ಆರು ವರ್ಷ ಹಣೆ ನೆಲಕ್ಕೆ ತಾಗಲಿಲ್ಲ. ಇಲ್ಲಿಯ ಆಸ್ಪತ್ರೆಯಲ್ಲಿ ಫೋಟೊ ತೆಗೆದರು, ಮಂಡಿ ಬದಲಾಯಿಸಬೇಕು ಅಂದರು. ಹಳೆ ಚಪ್ಪಲಿಯಾ ಬದಲಾಯಿಸಲು? ಈ ಎಣ್ಣೆ ಹಚ್ಚಿ ಹದಿನೈದು ದಿನಕ್ಕೆ ನಾನು ಸುಜೂದಿಗೆ ಹೋದೆ. ಹಣೆ ನೆಲಕ್ಕೆ ಇಟ್ಟೆ. ಏಳಲು ಮನಸ್ಸೇ ಬರಲಿಲ್ಲ ನನಗೆ. ಯಾತಿ ಬಂದು ನಾನು ಬಿದ್ದೆ ಅಂತ ತಿಳಿದು ಬೊಬ್ಬೆ ಹಾಕಿದಳು...

ಹಚ್ಚಿದ್ದು ಯಾರು? ಅವಳೇ. ನನಗೆ ಬಗ್ಗಲು ಆಗುತ್ತದಾ? 'ಇವತ್ತೊಂದು ದಿನ, ನೇನೆಕ್, ನಾಳೆ ಗಿಡ ತೆಗೆಯುವ' ಅನ್ನುತ್ತಾ ಹಚ್ಚುತ್ತಿದ್ದಳು. 'ಆಯಿತು, ನಾಳೆ' ಅನ್ನುತ್ತಿದ್ದೆ. ಅಷ್ಟು ಬೇಗ ಹೇಗೆ ಕೀಳುವುದು? ಎಲೆಗೆ ಏಳು ಬೆರಳು ಬಂದ ಮೇಲೆ ನಲವತ್ತು ದಿನ ಬಿಡದೆ ಹಚ್ಚಬೇಕು ಅಂತ ತುಕ್ರ ಹೇಳಿದ್ದ.

ತುಕ್ರನಾ? ...ತುಕ್ರ ಅಂದರೆ ಊರಿನವ. ನಮ್ಮ ಯಜಮಾನರಿಗೆ ಎತ್ತಿನ ಗಾಡಿ ಇತ್ತು, ಆ ಎತ್ತುಗಳಿಗೆ ಮದ್ದು ಮಾಡುತ್ತಿದ್ದವ. ಎತ್ತಿನ ಹೊಟ್ಟೆ ಉಬ್ಬಿದರೆ ಭಂಗಿ ಸೊಪ್ಪು, ನೀವು ಗಾಂಜಾ ಅನ್ನುವುದು, ಅದಕ್ಕೆ ಬೆಲ್ಲ. ಮನುಷ್ಯರ ಕೀಲಿಗೂ ಎಣ್ಣೆ ಕಾಯಿಸುತ್ತಿದ್ದ. ಒಳ್ಳೆಯ ಮನುಷ್ಯ, ಅವನ ಹೆಸರು ಬರೆಯಬೇಡ ನೀನು! ಅವನಿಗೆ ಈ ದುಬೈ, ಈ ಕಾನೂನು ಎಂತ ಗೊತ್ತು? ನಾನು ಕುಂಟುತ್ತಾ ಹೋದೆ, ಅವ ಒಂದು ಚಿಟಿಕೆ ಕಾಳು ಕೊಟ್ಟ. ಕೊತ್ತಂಬರಿಯ ಹಾಗೇ ಇರುತ್ತದೆ, ಸ್ವಲ್ಪ ನುಣುಪು. ಅದನ್ನು ನಾನು ಕೊತ್ತಂಬರಿಯ ಜೊತೆ...

ಆ ನೀರು ಇತ್ತ ಕೊಡು.

ಈಗ ಸಂತೋಷವಾಯಿತಾ ನಿನಗೆ? ಆದರೆ ಇದು ಅವಳ ಮೋಸವನ್ನು ತೊಳೆಯುತ್ತದಾ? ಹೇಳು! ಮನೆಯ ಗುಟ್ಟು ಮನೆಯಲ್ಲಿ ಇರಬೇಕಿತ್ತು. ನನ್ನ ಮಂಡಿ ತಿಕ್ಕಿದ ಕೈಯಲ್ಲೇ ನನ್ನನ್ನು ತೋರಿಸುವುದಾ?

ಪೊಲೀಸರು ಬಂದ ದಿನ ನಾನಾದರೂ ಎಂತ ಮಾಡಿದೆ? ಮನೆ ಮಾಲೀಕನ ಕಡೆಯವನೊಬ್ಬ ನೀರಿನ ಟ್ಯಾಂಕ್ ನೋಡಲು ಹಿತ್ತಲಿಗೆ ಹೋದ. ಬಸಳೆಯ ಹಿಂದೆ ಇಣುಕಿದ. ಒಂದು ಮಾತೂ ಆಡದೆ ಹೊರಟು ಹೋದ. ಸಂಜೆಯ ಅಸರ್ ನಮಾಝಿನ ಬಾಂಗ್ ಆಗುವಷ್ಟರಲ್ಲಿ ಪೊಲೀಸರ ಎರಡು ಗಾಡಿ. 'ಇದು ಯಾರದ್ದು?' ಅವರಲ್ಲೊಬ್ಬ ಹಿಂದಿಯಲ್ಲೇ ಕೇಳಿದ, ಮರ್ಯಾದೆಯ ಹುಡುಗ. ರವೂಫ್‌ನ ಮುಖದಲ್ಲಿ ರಕ್ತ ಇಲ್ಲ. ರುಬೀನ ಅಂದಳು, 'ಗಿಡಕ್ಕೆಲ್ಲ ನೀರು ಹಾಕುವುದು ಕೆಲಸದವಳು.' ಸುಳ್ಳಲ್ಲ ಅದು, ಹಾಕುವುದು ಅವಳೇ. ಮತ್ತೆ ಎಲ್ಲರೂ ನನ್ನ ಕಡೆ ತಿರುಗಿದರು. ರವೂಫ್ ಬ್ಯಾರಿಯಲ್ಲಿ ಮೆಲ್ಲ ಅಂದ, 'ಉಮ್ಮಾ, ನೀವೊಂದು ಮಾತು ಆಡಿದರೆ ನನ್ನ ಕೆಲಸ, ವೀಸಾ, ಮಕ್ಕಳ ಶಾಲೆ... ಎಲ್ಲ ಖಲಾಸ್.' ಯಾತಿ ಬೂತಾಯಿ ಮೀನು ಕೊಯ್ಯುತ್ತಿದ್ದವಳು ಹಾಗೇ ಎದ್ದು ಬಂದಿದ್ದಳು, ಬೆರಳಲ್ಲೆಲ್ಲ ಮೀನಿನ ಹುರುಪೆ. ಅವಳು ರವೂಫ್‌ನನ್ನು ನೋಡಲಿಲ್ಲ, ಪೊಲೀಸರನ್ನು ನೋಡಲಿಲ್ಲ. ನನ್ನನ್ನೇ ನೋಡಿದಳು. ಉಮ್ಮ ಎತ್ತಿಕೊಳ್ಳುತ್ತಾಳೆ ಅಂತ ಮಗು ನೋಡುತ್ತದಲ್ಲ, ಹಾಗೆ.

ನಾನು ಅಂದೆ, 'ನನಗೆ ಕಣ್ಣು ಸರಿ ಕಾಣುವುದಿಲ್ಲ ಮಗನೇ. ಹಿತ್ತಲೆಲ್ಲ ಅವಳದ್ದೇ.'

ಅಷ್ಟೇ. ಅಷ್ಟೇ ಅಂದದ್ದು.

ಕೈ ತೊಳೆಯಲು ಬಿಡಿ ಅಂತ ಕೇಳಿದಳು. ತೊಳೆದಳು. ಹೋದಳು. ತಿರುಗಿ ನೋಡಲಿಲ್ಲ. ಆವಾಗಲೇ ನನಗೆ ಗೊತ್ತಾಯಿತು, ಇವಳು ಬಿಡುವುದಿಲ್ಲ, ಅಲ್ಲಿ ಹೋಗಿ ಒಂದೊಂದೇ ಬಿಚ್ಚಿಡುತ್ತಾಳೆ ಅಂತ. ಒಂಬತ್ತು ದಿನದಿಂದ ಬಾಗಿಲ ಗಂಟೆ ಆದಾಗೆಲ್ಲ ಕಿಟಕಿಯಿಂದ ಇಣುಕುತ್ತೇನೆ. ಈಗ ಬಂದರು, ಅವಳು ಹೇಳಿದಳು, ಈಗ ನನ್ನನ್ನು ಕರೆದುಕೊಂಡು ಹೋಗುತ್ತಾರೆ ಅಂತ. ಇವತ್ತು ನೀನು ಬಂದೆ. ನೋಡಿದ ಕೂಡಲೇ ಅಂದುಕೊಂಡೆ, ಸರಿ, ಹೇಳಿಯೇ ಬಿಟ್ಟಳು. ಸ್ವಂತ ಮೊಮ್ಮಗಳ ಹಾಗೆ ನೋಡಿಕೊಂಡದ್ದಕ್ಕೆ ಇದು ಪ್ರತಿಫಲ!

ಚೀಲದಲ್ಲಿ ಎಂತ ಹುಡುಕುತ್ತೀ?

ಅದು ಎಂತ ಕಾಗದ? ಅವಳ ಹೇಳಿಕೆಯಾ? ಅಕ್ಷರ ನನಗೆ ಬರುವುದಿಲ್ಲ, ಓದು. ಕನ್ನಡ ಮಾಡಿ ಓದು. ಹೆದರಬೇಡ, ನನ್ನ ಮೇಲೆ ಎಷ್ಟು ವಿಷ ಕಾರಿದ್ದಾಳೋ ಎಲ್ಲ ಓದು.

...'ಗಿಡಗಳಿಗೆ ನೀರು ಹಾಕುವವಳು ನಾನು.' ಹೂಂ. ಮತ್ತೆ?

ಮತ್ತೆ ಓದು.

ಮುಗಿಯಿತಾ? ಹೇಗೆ ಮುಗಿಯುತ್ತದೆ? ಹಾಳೆ ತಿರುಗಿಸು, ಹಿಂದೆ ಇರಬೇಕು... ಇಲ್ಲವಾ? ಒಂಬತ್ತು ದಿನ ಕೇಳಿದರೂ ಇದೊಂದೇ ಮಾತಾ? ನಿನ್ನ ಹತ್ತಿರ, ವಕೀಲರ ಹತ್ತಿರ? ಬೇರೆ ಹೇಳಿರುತ್ತಾಳಲ್ಲ? ಗಿಡ ಕೀಳಲು ಹೋದದ್ದು? ನಾನು ಕೈ ಹಿಡಿದದ್ದು? ಅಣ್ಣನ ಕಥೆ? ಎಣ್ಣೆ?...

ತಲೆ ಅಲ್ಲಾಡಿಸಬೇಡ ಮಗಳೇ. ಬಾಯಿ ಬಿಟ್ಟು ಹೇಳು. ನನ್ನ ಹೆಸರನ್ನಾದರೂ ಎತ್ತಿದಳಾ?

ಒಮ್ಮೆಯೂ ಇಲ್ಲವಾ?

ಯಾ ಅಲ್ಲಾಹ್... ಹಾಗಾದರೆ ಇಷ್ಟು ಹೊತ್ತು ನೀನು ಬರೆದುಕೊಂಡದ್ದು... ಅದನ್ನೆಲ್ಲ ನಿನಗೆ ಹೇಳಿದ್ದು ಯಾರು?